ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ

"ಆ ಚಾಕ್‌ಪೀಸ್ ಕೆಳಗಿಡಿ!"

ಬಾಗಿಲಿನಿಂದ ಬಂದ ಗಂಡುಸ್ವರಕ್ಕೆ ವಿಸ್ಮಿತಾಳ ಕೈ ಬೋರ್ಡಿನ ಮೇಲೆಯೇ ನಿಂತುಹೋಯಿತು.

ತಿರುಗಿ ನೋಡಿದಳು. ಹಾಜರಿ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದವನು ಹೊಸ ಇಂಗ್ಲಿಷ್ ಮಾಸ್ಟ್ರು ರೋಹಿತ್. ಬಂಟ್ವಾಳದ ಕಡೆಯವನಂತೆ. ಈ ಶಾಲೆಗೆ ಬಂದು ಇನ್ನೂ ವಾರ ಆಗಿರಲಿಲ್ಲ.

ವಿಸ್ಮಿತಾ ಅದೇ ಶಾಲೆಯ ಲೈಬ್ರರಿ ನೋಡಿಕೊಳ್ಳುವವಳು. ಒಂಬತ್ತನೇ ತರಗತಿಗೆ ನಿಘಂಟುಗಳನ್ನು ಇಟ್ಟು ಹೋಗಲು ಬಂದವಳ ಕಣ್ಣು ಬೋರ್ಡಿನ ಮೇಲೆ ಬಿದ್ದಿತ್ತು. ಇಂಗ್ಲಿಷಿನಲ್ಲಿ ಕೆಲವು ವಾಕ್ಯಗಳು. ಅಕ್ಷರ ಮುತ್ತಿನಂತೆ ಇತ್ತು, ಆದರೆ ತಪ್ಪೋ ತಪ್ಪು! ಮಾಸ್ಟ್ರೇ ಹೀಗೆ ಬರೆದರೆ ಮಕ್ಕಳ ಗತಿ ಏನು ಎಂದುಕೊಂಡು, ಯಾರೂ ನೋಡುವ ಮೊದಲು ತಿದ್ದಿಬಿಡುವ ಎಂದು ಚಾಕ್ ಎತ್ತಿಕೊಂಡಿದ್ದಳು.

"ಅವು ಮಕ್ಕಳು ಹುಡುಕಬೇಕಾದ ತಪ್ಪುಗಳು" ಎಂದ ರೋಹಿತ್. "ಬೇಕೆಂದೇ ಬರೆದದ್ದು."

ಅಯ್ಯೋ ದೇವರೇ!

ವಿಸ್ಮಿತಾಳ ಮುಖ ಕೆಂಪಾಯಿತು. "ನನಗೆ... ಗೊತ್ತಾಗಲಿಲ್ಲ ಸರ್."

ಅವನು ಹತ್ತಿರ ಬಂದು ಬೋರ್ಡು ಓದಿದ. ತುಟಿಯಂಚಿನಲ್ಲಿ ನಗು ಮೂಡಿತು. "ತಪ್ಪಿದ್ದದ್ದನ್ನೆಲ್ಲ ಸರಿ ಮಾಡಿದ್ದೀರಿ. ಆದರೆ ಸರಿ ಇದ್ದ ಒಂದೇ ಒಂದು ವಾಕ್ಯವನ್ನು ಹಾಳು ಮಾಡಿದ್ದೀರಿ ಮಾರಾಯ್ರೆ!"

ನಾನು ದಿನಾ ಬಸ್ಸಿನಲ್ಲಿ ಶಾಲೆಗೆ ಹೋಗುತ್ತಿದ್ದೆ ಎನ್ನುವ ಅರ್ಥದಲ್ಲಿ ಅವನು 'ಐ ವೆಂಟ್' ಎಂದು ಬರೆದಿದ್ದ. ಅವಳು ಅದನ್ನು 'ಐ ವಾಸ್ ಗೋಯಿಂಗ್' ಎಂದು ತಿದ್ದಿದ್ದಳು. ಕನ್ನಡದಲ್ಲಿ ಹೋಗುತ್ತಿದ್ದೆ ಅಂತಲೇ ಹೇಳುವುದಲ್ಲವಾ? ಅದರಲ್ಲಿ ಏನು ತಪ್ಪು?

ಕೇಳುವ ಮೊದಲೇ ಬೆಲ್ ಹೊಡೆಯಿತು. ಮಕ್ಕಳು ನುಗ್ಗಿ ಬಂದರು. ಇನ್ನು ಇವರು ಎಲ್ಲರ ಮುಂದೆ ನನ್ನ ಮಾನ ತೆಗೆಯುತ್ತಾರೆ ಎಂದು ತಲೆ ತಗ್ಗಿಸಿ ಹೊರಗೆ ಬಂದ ವಿಸ್ಮಿತಾಳಿಗೆ ಒಳಗಿನಿಂದ ಅವನ ಮಾತು ಕೇಳಿಸಿತು.

"ಇವತ್ತು ಬೋರ್ಡಿನಲ್ಲಿ ಒಂದೇ ಒಂದು ತಪ್ಪು ಉಂಟು. ನಾನೂ ಕಾಲೇಜು ಮುಗಿಯುವವರೆಗೆ ಮಾಡ್ತಾ ಇದ್ದ ತಪ್ಪು. ಯಾರು ಹಿಡೀತೀರಿ ನೋಡುವ?"

ಯಾರು ಬರೆದದ್ದು ಎಂದು ಅವನು ಹೇಳಲೇ ಇಲ್ಲ.

ವಿಸ್ಮಿತಾ ವರಾಂಡದಲ್ಲಿ ಒಂದು ಕ್ಷಣ ನಿಂತಳು. ಎದೆಯೊಳಗೆ ಏನೋ ಮೆಲ್ಲನೆ ಕದಲಿದ ಹಾಗಾಯಿತು...

* * *

ಸಂಜೆ ಅವನೇ ಲೈಬ್ರರಿಗೆ ಬಂದ.

"ನೀವು ಬಿ.ಎ. ಮಾಡಿ ಬಿ.ಎಡ್. ಮಾಡಿದವರಂತೆ. ಇಂಗ್ಲಿಷೇ ವಿಷಯವಂತೆ. ಮತ್ತೆ ಇಲ್ಲಿ ಪುಸ್ತಕದ ಧೂಳು ಒರೆಸ್ತಾ ಎಂತ ಮಾಡ್ತೀರಿ?"

"ಕನ್ನಡ ಮೀಡಿಯಮ್ ಸರ್. ಬರೀಲಿಕ್ಕೆ ಬರ್ತದೆ. ನಾಲ್ಕು ಜನರ ಮುಂದೆ ಬಾಯಿ ತೆರೆದರೆ ನಾಲಗೆ ಒಣಗ್ತದೆ."

"ಮಾರ್ಚಿಗೆ ಇಂಗ್ಲಿಷಿನ ಹಳೆಯ ಟೀಚರ್ ರಿಟೈರ್ ಆಗ್ತಾರೆ. ಹೆಡ್‌ಮಾಸ್ಟ್ರು ಒಂದು ಪಾಠ ಮಾಡಿಸಿ ನೋಡಿಯೇ ತೆಗೆದುಕೊಳ್ಳುವುದಂತೆ. ಅರ್ಜಿ ಹಾಕಿ."

"ನಾನಾ!"

"ಅಲ್ಲ, ನಿಮ್ಮ ಹಿಂದಿನ ಆ ಕಪಾಟು."

ನಗಬಾರದು ಎಂದುಕೊಂಡಿದ್ದವಳು ನಕ್ಕುಬಿಟ್ಟಳು.

ಅವಳು ಅರ್ಜಿ ಹಾಕಿದಳು. ಹೆಡ್‌ಮಾಸ್ಟ್ರು ರಮಾನಾಥರು ಕೊಟ್ಟ ಪಾಠವೂ ಬೋರ್ಡಿನ ಮೇಲೆ ಅವಳು ಎಡವಿದ ಅದೇ ವಿಷಯವಾಗಿತ್ತು. ಆಗಿ ಮುಗಿದ ಕೆಲಸಕ್ಕೆ ಯಾವ ರೂಪ, ಆಗುತ್ತಾ ಇದ್ದ ಕೆಲಸಕ್ಕೆ ಯಾವ ರೂಪ, ಇಂಗ್ಲಿಷಿನಲ್ಲಿ ಯಾವುದನ್ನು ಎಲ್ಲಿ ಆರಿಸಬೇಕು. ಶಾಲೆ ಬಿಟ್ಟ ಮೇಲೆ, ಬೆಳುವಾಯಿಯ ಬಸ್ಸು ಬರುವವರೆಗೆ, ಲೈಬ್ರರಿಯೇ ತರಗತಿಯಾಯಿತು. ಅವಳು ಟೀಚರ್, ಅವನು ವಿದ್ಯಾರ್ಥಿ. ಅದೂ ಎಂಥ ಕಿಡಿಗೇಡಿ ವಿದ್ಯಾರ್ಥಿ!

"ಟೀಚರ್, ದಿನಾ ಮಾಡ್ತಿದ್ದ ಕೆಲಸಕ್ಕೆ 'ವಾಸ್ ಗೋಯಿಂಗ್' ಯಾಕೆ ಬರುವುದಿಲ್ಲ?"

"ಅದು ರೂಢಿ. ಎಷ್ಟು ಸಲ ಮಾಡಿದ್ದರೂ ಸಾದಾ ಭೂತಕಾಲವೇ ಸಾಕು. ಒಂದು ಹೊತ್ತನ್ನು ಹಿಡಿದು, ಆಗ ಕೆಲಸ ನಡೀತಾ ಇತ್ತು, ಇನ್ನೂ ಮುಗಿದಿರಲಿಲ್ಲ ಅಂತ ತೋರಿಸಬೇಕಾದರೆ ಮಾತ್ರ ಇನ್ನೊಂದು."

"ಉದಾಹರಣೆ ಕೊಡಿ ಟೀಚರ್."

"ನೀವೇ ಕೊಡಿ."

ಅವನು ಕಿಟಕಿಯತ್ತ ನೋಡಿ ಮೆಲ್ಲನೆ ಹೇಳಿದ. "ನಿನ್ನೆ ಸ್ಟಾಪಿನಲ್ಲಿ ನೀವು ಬಸ್ಸು ಕಾಯ್ತಾ ಇದ್ದಿರಿ. ಆಗ ನಾನು ಬೈಕ್ ನಿಲ್ಲಿಸಿದೆ. ನೀವು ನೋಡಲಿಲ್ಲ. ನಾನು ಹೋದೆ."

ಅವಳ ಕೈಯಲ್ಲಿದ್ದ ಚಾಕ್ ಮುರಿಯಿತು.

* * *

ವಿಸ್ಮಿತಾಳ ಮನೆ ಬೆಳುವಾಯಿಯಲ್ಲಿ. ಮನೆಯಲ್ಲಿ ಇದ್ದದ್ದು ಅವಳು ಮತ್ತು ಪೂವಮ್ಮ ಇಬ್ಬರೇ.

ಪೂವಮ್ಮ ಹೆತ್ತ ತಾಯಿಯಲ್ಲ, ಅಪ್ಪನ ಅಕ್ಕ. ಬೆಳ್ತಂಗಡಿಯ ತವರಿನಲ್ಲಿ ತಾಯಿ ತೀರಿಕೊಂಡಾಗ ವಿಸ್ಮಿತಾ ತೊದಲುಮಾತಿನ ಕೂಸು. ಮುಂಬೈಯ ಹೋಟೆಲಿನಲ್ಲಿ ದುಡಿಯುತ್ತಿದ್ದ ಅಪ್ಪ ಮಗುವನ್ನು ತಂದು ಅಕ್ಕನ ಮಡಿಲಿಗೆ ಹಾಕಿ ಹೋದ. ಈಗ ಅವನೂ ಇಲ್ಲ. ಗಂಡನನ್ನು ಬೇಗ ಕಳೆದುಕೊಂಡ, ಮಕ್ಕಳಿಲ್ಲದ ಪೂವಮ್ಮ ಬೀಡಿ ಕಟ್ಟಿ, ಕಟ್ಟಿ, ಈ ಮಗುವನ್ನು ಬಿ.ಎಡ್. ತನಕ ಓದಿಸಿದಳು. ವಿಸ್ಮಿತಾ ಅವಳನ್ನು ಅಮ್ಮ ಎಂದೇ ಕರೆದದ್ದು. ಊರೂ ಶಾಲೆಯೂ ಅವಳನ್ನು ವಿಸ್ಮಿತಾಳ ಅಮ್ಮ ಎಂದೇ ತಿಳಿದದ್ದು.

ಒಂದು ಭಾನುವಾರ ರೋಹಿತ್ ವ್ಯಾಕರಣದ ಪುಸ್ತಕ ಕೊಡುವ ನೆಪದಲ್ಲಿ ಮನೆಗೆ ಬಂದ. ನೆಪ ಎಂದು ವಿಸ್ಮಿತಾಳಿಗೂ ಗೊತ್ತಿತ್ತು. ಇಸ್ತ್ರಿ ಹಾಕಿದ ಬಿಳಿ ಅಂಗಿ, ಕೈಯಲ್ಲಿ ಹಣ್ಣಿನ ಚೀಲ... ಇವತ್ತು ಹೇಳುತ್ತಾರಾ?

ಪೂವಮ್ಮ ಜಗಲಿಯಲ್ಲಿ ಮೊರ ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. "ಬನ್ನಿ ಮಾಸ್ಟ್ರೇ, ಕೂತ್ಕೊಳ್ಳಿ. ಇವಳ ಬಾಯಲ್ಲಿ ನಿಮ್ಮದೇ ಪುರಾಣ."

"ಅಮ್ಮಾ!" ಎಂದು ಗದರಿಸಿ ವಿಸ್ಮಿತಾ ಚಾ ಮಾಡಲು ಒಳಗೆ ಓಡಿದಳು.

ಹೊರಗೆ ಮಾತು ನಡೆದಿತ್ತು. ಒಲೆಯ ಸದ್ದಿನಲ್ಲಿ ಕೇಳಿಸಲಿಲ್ಲ. ಚಾ ಹಿಡಿದು ಹೊರಗೆ ಬಂದರೆ ಅವನು ಎದ್ದು ನಿಂತಿದ್ದ. ಮುಖದಲ್ಲಿ ರಕ್ತವೇ ಇರಲಿಲ್ಲ. ಕಣ್ಣು ಬೀಡಿಯ ಮೊರದ ಮೇಲಿತ್ತು.

"ಚಾ ಸರ್..."

"ಬೇಡ. ಹೊರಡ್ತೇನೆ." ಅಂಗಳಕ್ಕೆ ಇಳಿದು, ತಿರುಗಿ ಹೇಳಿದ. "ಬರ್ತೇನೆ... ತಂಗಿ."

ತಂಗಿ?

ಬೈಕಿನ ಸದ್ದು ತಿರುವಿನಲ್ಲಿ ಕರಗುವವರೆಗೂ ಅವಳು ಲೋಟ ಹಿಡಿದೇ ನಿಂತಿದ್ದಳು.

"ಎಂತ ಹೇಳಿದೆ ಅಮ್ಮ ಅವರಿಗೆ?"

"ನಾನೆಂತ ಹೇಳುವುದು? ಮನೆ ಕಡೆಯದ್ದು ಎರಡು ಮಾತು ಕೇಳಿದ. ಹೇಳಿದೆ. ಅಷ್ಟರಲ್ಲಿ ಎದ್ದ. ಹೊಟ್ಟೆಗಿಟ್ಟೆ ಸರಿ ಇಲ್ಲವಾ ಏನೋ."

ವಿಸ್ಮಿತಾಳಿಗೆ ಎಲ್ಲ ಅರ್ಥವಾಯಿತು, ಅಥವಾ ಅರ್ಥವಾಯಿತು ಎಂದು ಅವಳು ಅಂದುಕೊಂಡಳು. ಬೀಡಿ ಕಟ್ಟುವ ಮನೆ. ಕನ್ನಡ ಮೀಡಿಯಮ್ ಹುಡುಗಿ. ಲೈಬ್ರರಿಯಲ್ಲಿ ಹಾಸ್ಯ ಮಾಡಲಿಕ್ಕೆ ಆಗಬಹುದು, ಮನೆಗೆ ಸೊಸೆಯಾಗಿ ಆಗುವುದಿಲ್ಲ!

ಅವತ್ತು ಅವಳು ಅಳಲಿಲ್ಲ. ಅಮ್ಮನ ಪಕ್ಕ ಕುಳಿತು, ಮೊರದಿಂದ ಒಂದು ಎಲೆ ಎತ್ತಿಕೊಂಡು, ತಾನೂ ಬೀಡಿ ಕಟ್ಟತೊಡಗಿದಳು.

"ಆ ಪಾಠ ನಾನು ಮಾಡಿಯೇ ಮಾಡ್ತೇನೆ ಅಮ್ಮ. ಅವರ ಎದುರಿನಲ್ಲೇ ಮಾಡ್ತೇನೆ. ನನ್ನ ಮನೆ ಯಾವುದು ಅಂತ ಹೇಳಿಯೇ ಮಾಡ್ತೇನೆ."

* * *

ಮರುದಿನದಿಂದ ರೋಹಿತ್ ಲೈಬ್ರರಿಯ ಕಡೆಗೆ ಬರಲಿಲ್ಲ. ಸ್ಟಾಫ್‌ರೂಮಿನಲ್ಲಿ ಎದುರಾದರೆ ಕಣ್ಣು ತಪ್ಪಿಸಿ, ಎಲ್ಲರ ಮುಂದೆ "ಹೇಗುಂಟು ತಂಗಿ, ತಯಾರಿ?" ಎಂದು ಕೇಳುತ್ತಿದ್ದ.

"ಚೆನ್ನಾಗಿ ಉಂಟು, ಅಣ್ಣ" ಎಂದು ಅವಳೂ ಅಷ್ಟೇ ಜೋರಾಗಿ ಹೇಳಿದಳು. ಅವನ ಮುಖ ಬಾಡಿದ್ದು ನೋಡಿ ಒಳಗೊಳಗೆ ಸಂತೋಷಪಟ್ಟಳು. ಸಂತೋಷವಾದರೆ ಕಣ್ಣು ಯಾಕೆ ತುಂಬಿತೋ...

ಆದರೂ ಒಂದು ಸಂಗತಿ ಅವಳನ್ನು ಕಾಡಿತು. ಬೆಳಿಗ್ಗೆ ಬಂದರೆ ಅವಳ ಮೇಜಿನ ಮೇಲೆ ಚಾರ್ಟ್ ಪೇಪರ್ ಇರುತ್ತಿತ್ತು, ಹೊಸ ಸ್ಕೆಚ್ ಪೆನ್ನು ಇರುತ್ತಿತ್ತು. ಒಂದು ದಿನ ಗಂಟಲು ಕಟ್ಟಿದ್ದಾಗ ಕಲ್ಲುಸಕ್ಕರೆಯ ಪೊಟ್ಟಣ. ಯಾರು ಇಟ್ಟದ್ದು ಎಂದು ಕೇಳಿದರೆ ಅಟೆಂಡರ್ ಮುಂಡಪ್ಪ "ಹೇಳಬಾರದು ಅಂತ ನನಗೆ ಹೇಳಿದ್ದಾರೆ" ಎನ್ನುತ್ತಿದ್ದ.

ಬೇಡದವಳಿಗೆ ಕಲ್ಲುಸಕ್ಕರೆ ಯಾಕೆ?

ಅವಳು ಅದನ್ನು ತಿನ್ನಲಿಲ್ಲ. ಎಸೆಯಲೂ ಇಲ್ಲ.

ಮನೆಯಲ್ಲಿ ಪೂವಮ್ಮನೇ ಈಗ ವಿದ್ಯಾರ್ಥಿ. ಅವಳಿಗೆ ಇಂಗ್ಲಿಷ್ ಬಾರದು. ಆದರೆ ಬೆನ್ನು ನೆಟ್ಟಗೆ ಮಾಡಿ ಕುಳಿತು ಪ್ರತಿ ವಾಕ್ಯಕ್ಕೂ ತಲೆ ಅಲ್ಲಾಡಿಸುತ್ತಿದ್ದಳು.

"ಅರ್ಥ ಆಯಿತಾ ಅಮ್ಮ?"

"ಒಂದಕ್ಷರ ಇಲ್ಲ. ಆದರೆ ಕೇಳಲಿಕ್ಕೆ ರೇಡಿಯೋದವರ ಹಾಗೆ ಉಂಟು. ಇನ್ನೊಮ್ಮೆ ಹೇಳು."

* * *

ಪಾಠದ ದಿನ ಬಂತು.

ಒಂಬತ್ತನೇ ತರಗತಿ. ಮುಂದೆ ಕುರ್ಚಿಯಲ್ಲಿ ರಮಾನಾಥರು, ಮೂಗಿನ ತುದಿಯಲ್ಲಿ ಕನ್ನಡಕ. ಕೊನೆಯ ಬೆಂಚಿನಲ್ಲಿ, ಅಭಿಪ್ರಾಯ ಹೇಳಬೇಕಾದ ಇಂಗ್ಲಿಷ್ ಮಾಸ್ಟ್ರು ರೋಹಿತ್.

ವಿಸ್ಮಿತಾ ಮೊದಲ ವಾಕ್ಯದಲ್ಲೇ ತಡವರಿಸಿದಳು. ಎರಡನೆಯದು ಅರ್ಧಕ್ಕೆ ನಿಂತಿತು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ರಮಾನಾಥರು ಗಡಿಯಾರ ನೋಡಿದರು.

ಅವಳು ಕಣ್ಣು ಮುಚ್ಚಿದಳು. ಜಗಲಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತ ಒಂದು ಜೀವ ಕಾಣಿಸಿತು. ಇನ್ನೊಮ್ಮೆ ಹೇಳು...

ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟಳು.

"ನಿಮಗೊಂದು ಕಥೆ ಹೇಳ್ತೇನೆ" ಎಂದಳು ಇಂಗ್ಲಿಷಿನಲ್ಲಿ. "ನನ್ನದೇ ಕಥೆ."

ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು, ಓದಿದಳು. "ಮೈ ಆಂಟ್ ವಾಸ್ ರೋಲಿಂಗ್ ಬೀಡೀಸ್ ವೆನ್ ಮೈ ಫಾದರ್ ಬ್ರಾಟ್ ಮಿ ಟು ಹರ್ ಹೌಸ್."

ಬೀಡಿ ಎಂದ ಕೂಡಲೇ ಯಾರೋ ಕಿಸಕ್ಕನೆ ನಕ್ಕರು. ವಿಸ್ಮಿತಾ ತಲೆ ಎತ್ತಿದಳು. ಅವಳ ದನಿ ಈಗ ನಡುಗುತ್ತಿರಲಿಲ್ಲ.

"ಹೌದು, ಬೀಡಿ. ಆ ಬೀಡಿಯಿಂದಲೇ ನಾನು ಇಲ್ಲಿ ನಿಂತಿದ್ದೇನೆ. ಈಗ ನೋಡಿ, ಅಪ್ಪ ನನ್ನನ್ನು ತಂದ. ಅದು ಆಯಿತು, ಮುಗಿಯಿತು. 'ಬ್ರಾಟ್'. ಆದರೆ ಆ ಹೊತ್ತಿಗೆ ಅವರ ಕೈಯಲ್ಲಿ ಒಂದು ಬೀಡಿ ಇತ್ತು. ಅರ್ಧ ಸುತ್ತಿದ ಬೀಡಿ. ಅದು ಮುಗಿದಿತ್ತಾ?"

"ಇಲ್ಲ ಟೀಚರ್!"

"ಅದಕ್ಕೇ 'ವಾಸ್ ರೋಲಿಂಗ್'. ಆಮೇಲೆ ಅವರು ಮೊರ ಬದಿಗಿಟ್ಟರು, ನನ್ನನ್ನು ಎತ್ತಿಕೊಂಡರು. ಇಟ್ಟರು, ಎತ್ತಿಕೊಂಡರು. ಎರಡೂ ಮುಗಿದ ಕೆಲಸ. ಈಗ ಇದನ್ನೇ ತುಳುವಿನಲ್ಲಿ ಹೇಳುವ. 'ಬರ್ಸ ಬತ್ತ್‌ಂಡ್' ಅಂದರೆ ಮಳೆ ಬಂತು. ಬರುತ್ತಾ ಇತ್ತು ಅನ್ನಲಿಕ್ಕೆ?"

"ಬರೊಂದಿತ್ತ್‌ಂಡ್!" ಇಡೀ ತರಗತಿ ಒಂದೇ ಸ್ವರದಲ್ಲಿ ಕೂಗಿತು.

"ನೋಡಿ, ನಿಮ್ಮ ಅಜ್ಜಿ ನಿಮಗೆ ಅರ್ಧ ಪಾಠ ಮಾಡಿಯೇ ಕಳಿಸಿದ್ದಾರೆ. ಉಳಿದರ್ಧ ಮಾತ್ರ ನನ್ನದು. ಒಂದು ಕಡೆ ಮಾತ್ರ ಮನೆಯ ಮಾತು ನಮ್ಮನ್ನು ಬೀಳಿಸ್ತದೆ, ದಿನಾ ಹೋಗ್ತಿದ್ದೆ ಅನ್ನುವ ಕಡೆ. ಅಲ್ಲಿ ನಾನೂ ಬಿದ್ದವಳೇ."

ರಮಾನಾಥರ ಕನ್ನಡಕ ಮೂಗಿನಿಂದ ಹಣೆಗೆ ಏರಿತು. ಅವರು ಈಗ ಗಡಿಯಾರ ನೋಡುತ್ತಿರಲಿಲ್ಲ.

ಆಗ ಕೊನೆಯ ಬೆಂಚಿನಲ್ಲಿ ಧಡಾರನೆ ಸದ್ದಾಯಿತು.

ರೋಹಿತ್ ಎದ್ದು ನಿಂತಿದ್ದ!

"ಯಾರು? ಆಂಟಾ? ಅವರು ನಿಮ್ಮ... ಅಮ್ಮ ಅಲ್ವಾ?"

ತರಗತಿ ತಿರುಗಿ ನೋಡಿತು. ರಮಾನಾಥರು ಹುಬ್ಬು ಗಂಟಿಕ್ಕಿದರು. ವಿಸ್ಮಿತಾಳ ಮೈ ಉರಿದುಹೋಯಿತು. ಪಾಠದ ನಡುವೆ ನನ್ನನ್ನು ಎಡವಿಸಲಿಕ್ಕೆ ನೋಡುತ್ತಾರಾ?

"ಹೌದು ಸರ್, ಆಂಟ್" ಎಂದಳು ಒಂದೊಂದೇ ಅಕ್ಷರ ಬಿಡಿಸಿ. "ಮೈ ಫಾದರ್ಸ್ ಸಿಸ್ಟರ್. ತುಳುವಿನಲ್ಲಿ ಮಾಮಿ. ಹೆತ್ತವಳಲ್ಲ, ಸಾಕಿದವಳು. ನಾನು ಅಮ್ಮ ಅಂತಲೇ ಕರೆಯುವುದು. ಇನ್ನೇನಾದರೂ ಡೌಟ್ ಉಂಟಾ ಸರ್?"

"ಇಲ್ಲ... ಇಲ್ಲ ಟೀಚರ್! ಒಂದೂ ಇಲ್ಲ!"

ಅವನು ಕುಳಿತ. ಆ ಮುಖದಲ್ಲಿ ಎಂಥ ನಗು! ಮೊದಲ ಬಹುಮಾನ ಸಿಕ್ಕಿದ ಒಂದನೇ ಕ್ಲಾಸಿನ ಮಗುವಿನ ಹಾಗೆ. ಮಕ್ಕಳೆಲ್ಲ ಹೋ ಎಂದು ನಕ್ಕರು. "ರೋಹಿತ್ ಸರ್‌ಗೂ ಈಗಲೇ ಅರ್ಥ ಆದದ್ದು!" ಎಂದು ಒಬ್ಬಳು ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು.

ವಿಸ್ಮಿತಾ ಪಾಠ ಮುಗಿಸಿದಾಗ ಮಕ್ಕಳು ತಾವಾಗಿಯೇ ಚಪ್ಪಾಳೆ ತಟ್ಟಿದರು. ರಮಾನಾಥರು ಎದ್ದು ನಿಂತರು.

"ಜೂನಿನಿಂದ ಈ ತರಗತಿ ನಿಮ್ಮದು. ನಮ್ಮ ಶಾಲೆಗೆ ಇಂಥ ಟೀಚರೇ ಬೇಕಿದ್ದದ್ದು." ಹಿಂದೆ ತಿರುಗಿ ಹೇಳಿದರು. "ರೋಹಿತ್, ನಿಮ್ಮ ಅಭಿಪ್ರಾಯ ಕೇಳುವುದಿಲ್ಲ. ನಿಮ್ಮ ಹಲ್ಲುಗಳೇ ಹೇಳ್ತಾ ಉಂಟು."

* * *

ಶಾಲೆಯ ಮೆಟ್ಟಿಲಿನ ಕೆಳಗೆ ಅವನು ಕಾಯುತ್ತಿದ್ದ.

"ಅಭಿನಂದನೆ ಹೇಳಲಿಕ್ಕೆ ಬಂದಿರಾ ಅಣ್ಣ?"

"ಅಣ್ಣ ಅನ್ಬೇಡಿ! ದಮ್ಮಯ್ಯ ಅನ್ಬೇಡಿ!"

"ತಂಗಿ ಅಂತ ಶುರು ಮಾಡಿದ್ದು ಯಾರು? ಬೀಡಿಯ ಮೊರ ನೋಡಿ ಮುಖ ತಿರುಗಿಸಿದ್ದು ಯಾರು?"

ಅವನು ದಂಗಾದ. "ಮೊರವಾ? ನನಗೆ ಆವತ್ತು ಯಾವ ಮೊರವೂ ಕಾಣಲಿಲ್ಲ ವಿಸ್ಮಿತಾ. ಕಣ್ಣೇ ಕತ್ತಲೆ ಬಂದಿತ್ತು. ನಿಮ್ಮನ್ನು ಕೇಳಲಿಕ್ಕೆ ಅಂತಲೇ ಬಂದವನು ನಾನು. ಮದುವೆಯ ಮಾತು ಎತ್ತುವ ಮೊದಲು ಕುಲದ ಬರಿ ಕೇಳಬೇಕಲ್ಲ, ನಮ್ಮ ಪದ್ಧತಿ. 'ನಿಮ್ಮ ಬರಿ ಯಾವುದು' ಅಂತ ಕೇಳಿದೆ. 'ಕೋಟ್ಯಾನ್' ಅಂದರು."

"ಅದಕ್ಕೆ?"

"ನನ್ನ ಅಮ್ಮನ ಬರಿಯೂ ಕೋಟ್ಯಾನ್. ಅಂದರೆ ನಾನೂ ಕೋಟ್ಯಾನ್."

ವಿಸ್ಮಿತಾ ಮೆಟ್ಟಿಲಿನ ಮೇಲೆ ಕುಳಿತುಬಿಟ್ಟಳು.

ತುಳುವರಲ್ಲಿ ಬರಿ ಎಂದರೆ ಕುಲದ ಹೆಸರು, ತಾಯಿಯಿಂದ ಮಕ್ಕಳಿಗೆ ಬರುವುದು. ಒಂದೇ ಬರಿಯವರು ಒಡಹುಟ್ಟಿದವರಿದ್ದ ಹಾಗೆ, ಅವರ ನಡುವೆ ಮದುವೆಯ ಮಾತೇ ಇಲ್ಲ. ಪೂವಮ್ಮನನ್ನು ಹೆತ್ತ ತಾಯಿ ಎಂದು ತಿಳಿದವನು, ಅವಳ ಬರಿಯನ್ನೇ ಮಗಳ ಬರಿ ಎಂದು ತಿಳಿದಿದ್ದ!

"ನನ್ನ ಬರಿ ಅಂಚನ್" ಎಂದಳು ಅವಳು ಮೆಲ್ಲನೆ. "ನನ್ನ ಹೆತ್ತಮ್ಮನದು."

"ಈಗ ಗೊತ್ತಾಯಿತು. ಬೀಡಿಯ ಉದಾಹರಣೆಯಿಂದ."

ಅವಳಿಗೆ ನಗು ಬಂತು. ಅದರ ಹಿಂದೆಯೇ ಸಿಟ್ಟೂ ಬಂತು. "ಒಂದು ಮಾತು ನನ್ನ ಹತ್ತಿರ ಕೇಳಬಹುದಿತ್ತಲ್ಲ! ನೀವೊಬ್ಬರೇ ತೀರ್ಮಾನ ಮಾಡಿ, ನೀವೊಬ್ಬರೇ ತಂಗಿ ಮಾಡಿ, ನೀವೊಬ್ಬರೇ ದುಃಖಪಟ್ಟರೆ ಆಯಿತಾ? ನಾನು ಏನಂತ ತಿಳಿದುಕೊಂಡಿರಬೇಡ?"

"ಏನಂತ ಕೇಳುವುದು? ನನಗೆ ನಿಮ್ಮ ಮೇಲೆ ಪ್ರೀತಿ ಉಂಟು, ಆದರೆ ನೀವು ನನ್ನ ತಂಗಿ ಅಂತಲಾ? ಹೇಳಿದ್ದರೆ ನಿಮ್ಮ ತಯಾರಿ ಹಾಳಾಗ್ತಿತ್ತು. ದೂರ ಇದ್ದರೆ ಸಿಟ್ಟಿನಿಂದಾದರೂ ಚೆನ್ನಾಗಿ ಪಾಠ ಮಾಡ್ತೀರಿ ಅಂದುಕೊಂಡೆ."

"ಕಲ್ಲುಸಕ್ಕರೆ?"

"ಅದು... ಅಣ್ಣನಾದರೂ ಕೊಡಬಹುದಲ್ಲ."

ವಿಸ್ಮಿತಾ ಎದ್ದು ಸೆರಗು ಸರಿಮಾಡಿಕೊಂಡಳು. ಕಣ್ಣು ತುಂಬಿತ್ತು, ತಲೆ ಮಾತ್ರ ಎತ್ತಿಯೇ ಇತ್ತು. "ನನಗೆ ಹೇಳಿದ್ದು ಸಾಕು. ಅಮ್ಮನ ಮುಂದೆ ಹೇಳಿ. ಅವರು ಒಪ್ಪಿದರೆ ಮಾತ್ರ. ಇವತ್ತೇ ಹೋಗುವ."

* * *

ಕೆಲಸ ಸಿಕ್ಕಿದ ಸುದ್ದಿ ಕೇಳಿ ಪೂವಮ್ಮ ಮೊರ ಬದಿಗಿಟ್ಟಳು. ಎದ್ದು, ಅಂಗಳ ದಾಟಿ, ಕಂಪೌಂಡಿನ ಗೋಡೆಯ ಬಳಿ ಹೋಗಿ ಕೂಗಿದಳು.

"ಖತೀಜಮ್ಮಾ! ಓ ಖತೀಜಮ್ಮಾ! ನನ್ನ ಮಗಳು ಇಂಗ್ಲಿಷ್ ಟೀಚರ್ ಆದಳು!"

"ಹೌದಾ!" ಆಚೆಯಿಂದ ನೆರೆಮನೆಯಾಕೆಯ ಉತ್ತರ ಬಂತು. "ಹಾಗಾದರೆ ನಮ್ಮ ಹುಡುಗಿ ಜುವೈರಿಯಾಳನ್ನು ನಾಳೆಯೇ ಪಾಠಕ್ಕೆ ಕಳಿಸ್ತೇನೆ. ಫೇಲಾದರೆ ನಿಮ್ಮ ಮಗಳೇ ಜವಾಬ್ದಾರಿ!"

ಆಮೇಲೆ ಪೂವಮ್ಮ ಜಗಲಿಗೆ ಬಂದು, ತಲೆ ತಗ್ಗಿಸಿ ನಿಂತಿದ್ದ ರೋಹಿತನ ಮಾತನ್ನು ಪೂರ್ತಿ ಕೇಳಿದಳು. ಕೇಳಿ ಹಣೆ ಚಚ್ಚಿಕೊಂಡಳು.

"ನೀನು ಕೇಳಿದ್ದು ನನ್ನ ಬರಿ, ನಾನು ಹೇಳಿದ್ದು ನನ್ನ ಬರಿ! ಅವಳದು ಬೇಕಿದ್ದರೆ ಅವಳದು ಕೇಳಬೇಕಿತ್ತು ಮಾರಾಯ. ಇಂಗ್ಲಿಷ್ ಮಾಸ್ಟ್ರಿಗೆ ಸರಿಯಾಗಿ ಒಂದು ಪ್ರಶ್ನೆ ಕೇಳಲಿಕ್ಕೆ ಬರುವುದಿಲ್ಲವಾ?"

"ತಪ್ಪಾಯಿತು ಅಮ್ಮ."

"ನಿಲ್ಲು, ನಿಲ್ಲು." ಪೂವಮ್ಮನ ಕಣ್ಣು ಕಿರಿದಾಯಿತು. ಏನೋ ಲೆಕ್ಕ ಹಾಕಿದಳು. ಮುಖದ ಸುಕ್ಕುಗಳೆಲ್ಲ ಒಂದೊಂದಾಗಿ ಅರಳಿದವು. "ನೀನು ಕೋಟ್ಯಾನ್, ನಾನೂ ಕೋಟ್ಯಾನ್. ಹಾಗಾದರೆ ಬರಿಯಲ್ಲಿ ನೀನು ನನಗೆ ಮಗ! ಇವಳು ನನ್ನ ತಮ್ಮನ ಮಗಳು. ಮಗನಿಗೆ ತಮ್ಮನ ಮಗಳನ್ನು ತರುವುದು ನಮ್ಮಲ್ಲಿ ಹಿಂದಿನಿಂದಲೂ ನಡೆದು ಬಂದದ್ದೇ. ಇದಕ್ಕಿಂತ ಸರಿಯಾದ ಸಂಬಂಧ ಎಲ್ಲಿ ಉಂಟು?"

ಯಾವ ಬರಿ ಅವರನ್ನು ದೂರ ಮಾಡಿತ್ತೋ ಅದೇ ಬರಿ ಈಗ ಅವರ ನಡುವೆ ಬಾಗಿಲು ತೆರೆದಿತ್ತು.

"ಹೆತ್ತ ಮಗ ಇಲ್ಲ ಅಂತ ಒಂದು ಕೊರಗಿತ್ತು" ಎಂದಳು ಪೂವಮ್ಮ. "ಇವತ್ತು ಅದೂ ಹೋಯಿತು. ಕೂತ್ಕೋ. ಈ ಸಲ ಚಾ ಕುಡಿಯದೆ ಎದ್ದರೆ ಕಾಲು ಮುರೀತೇನೆ."

ಹೊತ್ತು ಇಳಿಯುವಾಗ ವಿಸ್ಮಿತಾ ಅವನನ್ನು ಬಿಡಲು ಗೇಟಿನವರೆಗೆ ಬಂದಳು. ಅವನು ಬೈಕಿನ ಕೀ ತಿರುಗಿಸಿದ, ಆದರೆ ಹೊರಡಲಿಲ್ಲ.

"ನಾಡಿದ್ದು ಬಂಟ್ವಾಳದಿಂದ ಅಮ್ಮನನ್ನು ಕರ್ಕೊಂಡು ಬರ್ತೇನೆ. ಹುಡುಗಿ ಎಂತ ಮಾಡ್ತಾಳೆ? ಅವರು ಮೊದಲು ಕೇಳುವುದು ಅದನ್ನೇ."

"ಎಂತ ಹೇಳ್ತೀರಿ?"

ಅವನು ಅವಳ ಮುಖವನ್ನು ನೋಡಿದ. ಆ ನೋಟದಲ್ಲಿ ಪ್ರೀತಿಗಿಂತಲೂ ಒಂದು ಗೇಣು ಮೇಲೆ ಏನೋ ಇತ್ತು.

"ಅವಳು ಇಂಗ್ಲಿಷ್ ಟೀಚರ್, ಅಮ್ಮ. ಅವಳ ಕ್ಲಾಸಿನಲ್ಲಿ ನಾನು ಹಿಂದಿನ ಬೆಂಚಿನಲ್ಲಿ ಕೂತು ಕಲಿತೆ... ಹಾಗೆ ಹೇಳ್ತೇನೆ."

ವಿಸ್ಮಿತಾಳ ಕೆನ್ನೆಯ ಮೇಲೆ ಎರಡು ಹನಿ ಜಾರಿದವು. ಅವಳು ಒರೆಸಿಕೊಳ್ಳಲಿಲ್ಲ.

"ಮೊದಲಿನ ಮಾತು ಇನ್ನೊಮ್ಮೆ ಹೇಳಿ."

"ಯಾವುದು? ಇಂಗ್ಲಿಷ್ ಟೀಚರ್ ಅಂತಲಾ?"

"ಹೂಂ. ಸ್ವಲ್ಪ ಜೋರಾಗಿ ಹೇಳಿ. ಜಗಲಿಯಲ್ಲಿ ಅಮ್ಮನಿಗೂ ಕೇಳಿಸಲಿ."